ತಾಲಿಬಾನ್ ರಾಯರು

ವಡೋದರಾದ ಕನ್ನಡ ಸಂಘದಲ್ಲಿ ಹಯವದನ ಗಲಗಲಿಯವರನ್ನು ಅವರ ಸ್ವಂತ ಹೆಸರಿನಿಂದ ಕರೆಯುವವರೇ ಇರಲಿಲ್ಲ. ಬಾಗಲಕೋಟೆ ಕಡೆಯ ಮಾಧ್ವರು, ಏಕಾದಶಿಗೆ ತೊಟ್ಟು ನೀರೂ ಮುಟ್ಟದವರು, ಅಲ್ಕಾಪುರಿ ಬಡಾವಣೆಯ ವಿಮಾ ಕಚೇರಿಯೊಂದರಲ್ಲಿ ಅಧಿಕಾರಿ. ಇಂಥವರನ್ನು ಎಲ್ಲರೂ ‘ತಾಲಿಬಾನ್ ರಾಯರು’ ಅನ್ನುವುದನ್ನು ಕೇಳಿ ಹೊಸದಾಗಿ ವರ್ಗವಾಗಿ ಬಂದವರು ಕಣ್ಣು ಕಣ್ಣು ಬಿಡುತ್ತಿದ್ದರು.

ಎಲ್ಲ ಶುರುವಾದದ್ದು ತೊಂಬತ್ತಾರರ ಸೆಪ್ಟೆಂಬರಿನಲ್ಲಿ, ಕಾಬೂಲ್ ನಗರ ತಾಲಿಬಾನಿನ ಕೈಗೆ ಹೋದ ಮೇಲೆ. ಕಚೇರಿಯಲ್ಲಿ ಊಟದ ಹೊತ್ತು. ರಾಯರು ಪತ್ರಿಕೆ ಮಡಚಿಟ್ಟು, ತಾಲಿಬಾನ್ ಎಂಬುದು ಹಿಂದೂಕುಶ್ ಬೆಟ್ಟದ ಒಂದು ಕುಲ, ಚೆಂಗಿಸ್‌ಖಾನನ ಕಾಲದಿಂದಲೂ ಕಾದಾಟವೇ ಅವರ ಕಸುಬು ಎಂದು ಘೋಷಿಸಿದರು. ಪತ್ರಿಕೆಯಲ್ಲಿ ಹಾಗೇನೂ ಇರಲಿಲ್ಲ. ಸಮಯಕ್ಕೆ ಸರಿಯಾಗಿ ತೋಚಿತು, ಹೇಳಿದರು.

ಎದುರಿಗೆ ಕೂತು ಮೆಂತ್ಯದ ರೊಟ್ಟಿ ಥೇಪ್ಲಾ ಮುರಿಯುತ್ತಿದ್ದ ಯಾಸೀನ್‌ಭಾಯಿ ವ್ಹೋರಾ ತಲೆಯೆತ್ತಿದರು. ಹಾಲಿನ ಡೈರಿಗೆ ಹೆಸರಾದ ಆಣಂದದಿಂದ ದಿನವೂ ರೈಲಿನಲ್ಲಿ ಬಂದುಹೋಗುವ ಮನುಷ್ಯ. ಪಾಲಿಸಿ ಮಾಡಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

“ಹಯವದನ್‌ಭಾಯಿ, ತಾಲಿಬ್ ಅಂದರೆ ವಿದ್ಯಾರ್ಥಿ. ತಾಲಿಬಾನ್ ಅಂದರೆ ವಿದ್ಯಾರ್ಥಿಗಳು. ಕುಲವೂ ಅಲ್ಲ, ಗೋತ್ರವೂ ಅಲ್ಲ,” ಎಂದರು ಹಿಂದಿಯಲ್ಲಿ.

“ವಿದ್ಯಾರ್ಥಿಗಳೇ? ಯಾವ ಶಾಲೆಯವರು?”

“ನನಗೇನು ಗೊತ್ತು? ಬೆಳಗಿನಿಂದ ಎಲ್ಲರೂ ನನ್ನನ್ನೇ ಕೇಳುತ್ತಿದ್ದಾರೆ. ನಾನು ಆಣಂದದವನು. ಹಾಲು ಗೊತ್ತು, ಪ್ರೀಮಿಯಂ ಗೊತ್ತು. ಕಾಬೂಲ್ ಗೊತ್ತಿಲ್ಲ.”

ಊಟಕ್ಕೆ ಕೂತವರು ನಕ್ಕರು. ರಾಯರಿಗೆ ಊಟ ಸೇರಲಿಲ್ಲ. ಯಾವ ಶಾಲೆ ಎಂದು ತಾವೇ ಪತ್ತೆ ಹಚ್ಚುವುದಾಗಿ ಪಣ ತೊಟ್ಟು, ಪರಿಚಯದ ಅಧ್ಯಾಪಕರೊಬ್ಬರನ್ನು ಹಿಡಿದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಪ್ರವೇಶ ಗಿಟ್ಟಿಸಿಕೊಂಡರು. ಪಾಕಿಸ್ತಾನದ ಗಡಿಯ ಮದರಸಾಗಳಿಂದ ಓದು ಶುರುಮಾಡಿದ ರಾಯರು ಅಫಘಾನ್ ಯುದ್ಧಕ್ಕೆ ಬಂದರು, ಅಲ್ಲಿಂದ ಕೈರೋದ ಜೈಲುಗಳಿಗೆ ಹೋದರು, ಅಲ್ಲಿಂದ ತುರ್ಕಿಯ ಕೊನೆಯ ಖಲೀಫನ ಅರಮನೆಗೆ. ಬಚ್ಚಲ ಕಿಂಡಿ ದುರಸ್ತಿಗೆ ಹೋದವರು ಮನೆಯ ತಳಪಾಯವನ್ನೇ ಅಗೆದು ಕೂತ ಹಾಗೆ.

ಮನೆಯಲ್ಲಿ ಅವರ ಹೆಂಡತಿ ಸುಲೋಚನಾಬಾಯಿಗೆ ಪೀಕಲಾಟ. ರೊಟ್ಟಿ ಬಡಿಯುವಾಗಲೂ ಉಪನ್ಯಾಸ ತಪ್ಪುತ್ತಿರಲಿಲ್ಲ.

“ಸುಲೂ, ಕೇಳಿಲ್ಲೆ. ಇವರ ಸಿದ್ಧಾಂತದ ತಿರುಳು ಏನಂದ್ರ, ಎದುರಿಗೆ ನಿಂತಾಂವ ಮುಸಲ್ಮಾನ ಹೌದೋ ಅಲ್ಲೋ ಅಂತ ತಾವೇ ತೀರ್ಪು ಕೊಡೂದು. ನೀ ಬರೇ ಹೆಸರಿಗೆ ಮುಸಲ್ಮಾನ, ಖರೇ ಧರ್ಮ ಬಿಟ್ಟೀದಿ ಅಂತ.”

“ಅಷ್ಟಕ್ಕ ಗ್ರಂಥಾಲಯಕ್ಕ ಯಾಕ ಹೋಗಬೇಕಿತ್ತು?” ಎಂದರು ಸುಲೋಚನಾಬಾಯಿ. “ನಿಮ್ಮ ಗಲಗಲಿ ಕಾಕಾ ಏನ್ ಮಾಡ್ತಿದ್ದರು? ಇಂವಾ ಹೋಟೆಲಿನ್ಯಾಗ ಚಹಾ ಕುಡದಾನ, ಇಂವಾ ಮುದ್ರಾ ಹಾಕ್ಕೊಂಡಿಲ್ಲ, ಇಂವಾ ಬ್ರಾಹ್ಮಣನೇ ಅಲ್ಲ ಅಂತ ಪಂಕ್ತಿಯಿಂದ ಎಬ್ಬಿಸಿ ಕಳಸ್ತಿದ್ದಿಲ್ಲೇನು? ಅವರ ಕೈಯಾಗ ಬಂದೂಕ ಇರಲಿಲ್ಲ. ಅಷ್ಟ ಫರಕು.”

“ಎಲ್ಲಿಂದ ಎಲ್ಲಿಗೆ ತರ್ತೀಯೇ,” ಎಂದು ರಾಯರು ಸಿಡುಕಿದರು. ಒಂಬತ್ತನೆಯ ತರಗತಿಯ ಮಗಳು ವಿಂಧ್ಯಾ, “ಪಪ್ಪಾ, ಮಮ್ಮಿದು ಪಾಯಿಂಟ್ ಕರೆಕ್ಟ್ ಛೆ,” ಎಂದು ಇಂಗ್ಲಿಷ್, ಗುಜರಾತಿ ಬೆರೆಸಿದ ತನ್ನ ಮೂರು ಭಾಷೆಯ ಕನ್ನಡದಲ್ಲಿ ತೀರ್ಪು ಕೊಟ್ಟಳು.

ನವೆಂಬರಿನಲ್ಲಿ ರಾಜ್ಯೋತ್ಸವ. ಮುಂಬಯಿಯಿಂದ ಬರಬೇಕಿದ್ದ ಗಾಯಕರು ಗಂಟಲು ಕಟ್ಟಿದೆಯೆಂದು ಕೈಕೊಟ್ಟರು. ಸಂಘದ ಕಾರ್ಯದರ್ಶಿ ದಾಮೋದರ ಕುಂದಾಪುರದವರು, ಬ್ಯಾಂಕಿನ ಉದ್ಯೋಗಿ. ಬೇರೆ ದಾರಿ ಕಾಣದೆ, ಹಾಡಿನ ಬದಲು ಒಂದು ಭಾಷಣವನ್ನಾದರೂ ಕೇಳೋಣವೆಂದು ರಾಯರ ಮನೆಗೆ ಓಡಿದರು. ರಾಯರು ಒಪ್ಪಿಕೊಂಡು ವಿಷಯವನ್ನೂ ಹೇಳಿದರು.

“ಎಂತ ಮಾರಾಯ್ರೆ! ರಾಜ್ಯೋತ್ಸವಕ್ಕೆ ಕಾಬೂಲಾ?”

“ಕನ್ನಡದಾಗೇ ಹೇಳ್ತೀನಲ್ಲ,” ಎಂದರು ರಾಯರು.

ಆ ಭಾಷಣವನ್ನು ಕೇಳಿದವರಲ್ಲಿ ನಾನೂ ಒಬ್ಬ. ತುರ್ಕಿಯಲ್ಲಿ ಖಲೀಫರ ಪಟ್ಟ ರದ್ದಾಗಿ ನಾಲ್ಕು ವರ್ಷಕ್ಕೆ, ಬ್ರಿಟಿಷರ ದರ್ಬಾರು ನಡೆಯುತ್ತಿದ್ದ ಈಜಿಪ್ಟಿನಲ್ಲಿ, ಒಬ್ಬ ಶಾಲಾ ಮಾಸ್ತರ ಧರ್ಮೋದ್ಧಾರಕ್ಕೆಂದು ಕಟ್ಟಿದ ಸಂಘದಿಂದ ಅವರು ಆರಂಭಿಸಿದರು. ಆ ಸಂಘದವರನ್ನು ಮುಂದೆ ಅಲ್ಲಿನ ಮುಸ್ಲಿಂ ಸರಕಾರವೇ ಜೈಲಿಗೆ ಹಾಕಿ ಬಡಿಯಿತು. ಜೈಲಿನಲ್ಲಿ ಕೂತ ಒಬ್ಬ ಲೇಖಕ, ದೇವರ ಕಾನೂನು ಬಿಟ್ಟು ಆಳುವವನು ಮುಸಲ್ಮಾನನೇ ಅಲ್ಲ, ಅಂಥವನನ್ನು ಕೆಳಗಿಳಿಸುವುದೇ ಧರ್ಮ ಎಂದು ಬರೆದ. ಪ್ರವಚನ ಮಾಡುತ್ತಿದ್ದವರ ನಡುವಿನಿಂದ ಬಂದೂಕು ಹಿಡಿಯುವವರು ಹುಟ್ಟಿದ್ದು ಹೀಗೆ ಎಂದರು ರಾಯರು. ಆಮೇಲೆ ರಷ್ಯನ್ನರು ಅಫಘಾನಿಸ್ತಾನಕ್ಕೆ ನುಗ್ಗಿದರು. ಅಮೆರಿಕದ ಆಯುಧ, ಸೌದಿಯ ಹಣ, ಪಾಕಿಸ್ತಾನದ ತರಬೇತಿ, ಹತ್ತು ದೇಶದ ಸ್ವಯಂಸೇವಕರು. ರಷ್ಯನ್ನರು ಹೋದರು, ಬಂದೂಕು ಕಲಿತವರು ಉಳಿದರು. ತಾಲಿಬಾನ್ ಹುಡುಗರು ಮಾತ್ರ ಬೇರೆ ಗರಡಿಯವರು, ಗಡಿಯ ನಿರಾಶ್ರಿತರ ಮದರಸಾಗಳಿಂದ ಬಂದವರು, ಎರಡನ್ನೂ ಕಲಸಬಾರದು ಎಂದು ಮೇಜು ಗುದ್ದಿದರು.

ವಿಷಯ ಒಳ್ಳೆಯದೇ. ಆದರೆ ಕಾಲು ಗಂಟೆಯ ಭಾಷಣ ಒಂದೂವರೆ ಗಂಟೆಯಾಗಿತ್ತು. ಪಕ್ಕದ ಕೋಣೆಯಿಂದ ಬಿಸಿಬೇಳೆಭಾತಿನ ಪರಿಮಳ ಬರುತ್ತಿತ್ತು. ದಾಮೋದರ ಕಳಿಸಿದ ಚೀಟಿಯನ್ನು ರಾಯರು ಮೆಚ್ಚುಗೆ ಎಂದುಕೊಂಡು ಓದದೆ ಜೇಬಿಗಿಟ್ಟರು.

ಕೊನೆಗೆ ರೈಲ್ವೆಯ ಸೀತಾರಾಮ ಎದ್ದು ಕೇಳಿದ: “ಹಂಗಾದ್ರೆ ಸಾರ್, ನಮ್ಮ ಬೀದಿ ಟೈಲರೂ ಅವರ ಕಡೆಯೋನೇ ಅನ್ನಿ.”

ರಾಯರ ಮುಖ ಕೆಂಪಾಯಿತು. “ಅವರು ಮೊದಲು ಹೊಡಿಯೋದು ನಿಮ್ಮ ಟೇಲರನ್ನ! ದರ್ಗಾಕ್ಕ ಹೋಗ್ತಾನ, ಗಡ್ಡಾ ಬೋಳಿಸ್ತಾನ, ರೇಡಿಯೋ ಕೇಳ್ತಾನ ಅಂತ. ಕಾಬೂಲಿನಾಗ ಬಾಗಲಾ ಹಾಕ್ಕೊಂಡು ಮನ್ಯಾಗ ಕೂತ ಹೆಣ್ಮಕ್ಕಳು ಯಾವ ಧರ್ಮದವರು? ಇಷ್ಟೊತ್ತು ನಾ ಏನ್ ಹೇಳಿದೆ?” ಎಂದು, ಹೆಸರು ಹೇಳದೆ, ಪಂಕ್ತಿಯಿಂದ ಎಬ್ಬಿಸುತ್ತಿದ್ದ ಕಾಕಾನ ಕಥೆಯನ್ನೂ ಹೇಳಿದರು. ಹಿಂದಿನ ಸಾಲಿನಲ್ಲಿ ಸುಲೋಚನಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಸೀತಾರಾಮ ಪಕ್ಕದ ಕೋಣೆಯ ಕಡೆ ನೋಡಿ, “ಸರಿ ಸಾರ್. ಊಟ?” ಎಂದ. ಅಂದಿನಿಂದ ಅವರು ತಾಲಿಬಾನ್ ರಾಯರಾದರು. ಅವರಿಗೂ ಅದು ಒಂದು ಬಿರುದಿನ ಹಾಗೆ ಹಿತವಾಗಿಯೇ ಇತ್ತು.

ತೊಂಬತ್ತೆಂಟರ ಫೆಬ್ರವರಿಯಲ್ಲಿ ಕೊಯಮತ್ತೂರಿನಲ್ಲಿ ಬಾಂಬುಗಳು ಸಿಡಿದವು. ಊರೂರಲ್ಲೂ ಪೊಲೀಸರು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ ದಿನಗಳು. ರಾಯರು ರೈಲ್ವೆ ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಒಂದು ಪುಸ್ತಕದ ಅಧ್ಯಾಯ ತೆಗೆಸುತ್ತಿದ್ದರು. ಅದರ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ‘ಜಿಹಾದ್’. ಅಂಗಡಿಯವನು ಒಮ್ಮೆ ಪುಟ ನೋಡಿದ, ಒಮ್ಮೆ ಗಿರಾಕಿಯ ಮುಖ ನೋಡಿದ. ಅದೇ ಹೊತ್ತಿಗೆ ರಸ್ತೆಯ ಆಚೆ ಬದಿಯಿಂದ ದಾಮೋದರ ಸ್ಕೂಟರ್ ನಿಲ್ಲಿಸಿ, “ಓ ತಾಲಿಬಾನ್ ರಾಯರೇ!” ಎಂದು ಕೂಗಿ ಕೈ ಬೀಸಿದರು. ಅಂಗಡಿಯವನಿಗೆ ಕನ್ನಡ ಬಾರದಿದ್ದರೂ ತಿಳಿಯಬೇಕಾದ ಶಬ್ದ ತಿಳಿಯಿತು.

ಭಾನುವಾರ ಮಧ್ಯಾಹ್ನ, ಅಂಗಡಿಯವನ ದೂರು ಹಿಡಿದು ಇಬ್ಬರು ಪೊಲೀಸರು ಮನೆಗೆ ಬಂದರು. ರಾಯರು ಪೂಜೆ ಮುಗಿಸಿ ಎದ್ದಿದ್ದರು. ಮೈತುಂಬ ಗೋಪೀಚಂದನದ ಮುದ್ರೆ, ಉಟ್ಟದ್ದು ಮಡಿ ಪಂಚೆ.

“ತಾಲಿಬಾನ್ ರಾವ್ ಕೌನ್ ಹೈ?”

“ನಾನೇ,” ಎಂದುಬಿಟ್ಟರು ರಾಯರು, ಅಭ್ಯಾಸಬಲದಿಂದ.

ಅಂಗಿ ತೊಟ್ಟುಕೊಳ್ಳಲು ಬಿಟ್ಟು, ಠಾಣೆಗೆ ಕರೆದೊಯ್ದರು. ಸುಲೋಚನಾಬಾಯಿ ದಾಮೋದರರ ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮುಂದಿನ ನಂಬರು ಆಣಂದದ್ದು. ಫೋನ್ ಎತ್ತಿದವರು ಯಾಸೀನ್‌ಭಾಯಿ. ಇಂಥ ಹೆಸರು ಹೊತ್ತ ಮನುಷ್ಯನ ಪರವಾಗಿ, ಇಂಥ ಸಮಯದಲ್ಲಿ, ಯಾಸೀನ್ ವ್ಹೋರಾ ಎಂಬ ಹೆಸರಿನವನು ಠಾಣೆ ಮೆಟ್ಟಿಲೇರುವುದೆಂದರೆ ಏನೆಂದು ಅವರಿಗೆ ಗೊತ್ತಿತ್ತು. ಹೆಂಡತಿ ಬೇಡವೆಂದರಂತೆ. “ಭಾಭೀ, ಮುಂದಿನ ಗಾಡಿಗೆ ಬರ್ತೀನಿ,” ಎಂದರು.

ಅವರು ತಲುಪಿದಾಗ ರಾಯರು ಕುರ್ಚಿಯಲ್ಲಿ ಕೂತು ಚಹಾದ ಲೋಟ ಹಿಡಿದಿದ್ದರು. ಪಿ.ಎಸ್.ಐ. ಸಾಹೇಬರಿಗೆ ಮುಖದ ಮೇಲಿನ ಮುದ್ರೆಗಳನ್ನು ನೋಡಿದಾಗಲೇ ಅರ್ಧ ಸಂಶಯ ಕಳೆದಿತ್ತು. ರಾಯರು ಅವರಿಗೆ ಈಜಿಪ್ಟಿನ ಮಾಸ್ತರನ ಕಥೆ ಹೇಳುತ್ತಿದ್ದರು. ಒಳ್ಳೆ ತಮಾಷೆಯ ಪ್ರಸಂಗ, ಊರಿಗೆ ಹೋದಾಗ ಹೇಳಲು ಆಯಿತು ಎಂಬ ಹುರುಪೂ ಅವರ ದನಿಯಲ್ಲಿತ್ತು.

“ಇವರು ನನ್ನ ಸಹೋದ್ಯೋಗಿ. ನಾನು ಇವರನ್ನು ಬಲ್ಲೆ,” ಎಂದರು ಯಾಸೀನ್‌ಭಾಯಿ, ನಿಂತೇ.

“ನಿಮ್ಮ ಹೆಸರು?”

ಹೆಸರು ಕೇಳಿದೊಡನೆ ಸಾಹೇಬರ ಪೆನ್ನು ಹೊರಗೆ ಬಂತು. ತಂದೆಯ ಹೆಸರು? ಮನೆ ಯಾವ ಮೊಹಲ್ಲಾ? ವಿದೇಶದಲ್ಲಿ ಯಾರಿದ್ದಾರೆ? ದುಬೈಯಲ್ಲಿ ತಮ್ಮನೇ? ಏನು ಮಾಡುತ್ತಾನೆ? ಈ ಪುಸ್ತಕ ಇವರಿಗೆ ಕೊಟ್ಟವರು ನೀವೇ?

ಯಾಸೀನ್‌ಭಾಯಿ ಎಲ್ಲಕ್ಕೂ ಮೆತ್ತಗೆ ಉತ್ತರಿಸಿದರು, ಇಂಥ ಪ್ರಶ್ನೆ ಹಿಂದೆಯೂ ಕೇಳಿಸಿಕೊಂಡವರ ಹಾಗೆ. ರಾಯರ ಕೈಯಲ್ಲಿ ಚಹಾ ಆರುತ್ತಿತ್ತು. ಜಿಹಾದ್ ಪುಸ್ತಕ ತನ್ನದು, ತಾಲಿಬಾನ್ ಹೆಸರು ತನ್ನದು, ಪೆನ್ನು ಮಾತ್ರ ಅವರ ಕಡೆಗೆ ತಿರುಗಿದೆ. ಲೋಟ ಕೆಳಗಿಟ್ಟು ಎದ್ದರು. ಕುರ್ಚಿಯನ್ನು ಎಳೆದು ಯಾಸೀನ್‌ಭಾಯಿಯ ಹಿಂದೆ ತಂದಿಟ್ಟರು.

“ಕೂಡ್ರಿ,” ಎಂದರು ಕನ್ನಡದಲ್ಲೇ. ಆಮೇಲೆ ಸಾಹೇಬರ ಕಡೆ ತಿರುಗಿ ತಮ್ಮ ಬಾಗಲಕೋಟೆ ಹಿಂದಿಯಲ್ಲಿ: “ಸಾಹೇಬ್, ಇವರಿಗೆ ಈ ವಿಷಯದಲ್ಲಿ ಏನೂ ಗೊತ್ತಿಲ್ಲ. ಗೊತ್ತಿರುವವನು ನಾನು. ಬರೆದುಕೊಳ್ಳುವುದಿದ್ದರೆ ನಾನು ಹೇಳಿದ್ದನ್ನು ಬರೆದುಕೊಳ್ಳಿ. ಮೊದಲಿನಿಂದ ಹೇಳುತ್ತೇನೆ.”

ಮೊದಲಿನಿಂದ ಹೇಳಿದರು. ಅಫಘಾನ್ ಯುದ್ಧಕ್ಕೆ ಬರುವಷ್ಟರಲ್ಲಿ ಸಾಹೇಬರು ಕೈಮುಗಿದು ಇಬ್ಬರನ್ನೂ ಮನೆಗೆ ಕಳಿಸಿದರು. ಯಾಸೀನ್‌ಭಾಯಿಯ ವಿಳಾಸ ಬರೆದ ಹಾಳೆಯನ್ನು ಹರಿಯುವ ತನಕ ರಾಯರು ಬಾಗಿಲು ದಾಟಲಿಲ್ಲ.

ಹೊರಗೆ ತಳ್ಳುಗಾಡಿಯವನ ಹತ್ತಿರ ಇಬ್ಬರೂ ಬಟಾಣಿ ಸಾರಿನ ಶೇವ್ ಉಸಳ್ ತಿಂದರು. ರಾಯರು ಭಾಷಣ ಬಿಟ್ಟು ತಟ್ಟೆಯನ್ನೇ ಕೆದಕುತ್ತಿದ್ದುದನ್ನು ನೋಡಿ ಯಾಸೀನ್‌ಭಾಯಿಯೇ, “ಖಾರ ಜಾಸ್ತಿಯಾಯಿತೇ?” ಎಂದರು.

ಮುಂದಿನ ಸಂಘದ ಸಭೆಯಲ್ಲಿ ರಾಯರು ಎದ್ದು ನಿಂತರು. ನಾವೆಲ್ಲ ಗಡಿಯಾರ ನೋಡಿಕೊಂಡೆವು. ಅವರು ಹೇಳಿದ್ದು ಮೂರೇ ಮಾತು. “ಆ ಹೆಸರಲೆ ಇನ್ನ ಕರೀಬ್ಯಾಡ್ರಿ. ನನಗೇನೂ ಆಗಂಗಿಲ್ಲ. ನನ್ನ ಬಾಜೂಕ ನಿಂತವರಿಗೆ ಆಗ್ತದ.” ದಾಮೋದರರಿಗೆ ನಾಲಿಗೆ ತಿರುಗಿಸಲು ಒಂದಷ್ಟು ತಿಂಗಳು ಬೇಕಾಯಿತು, ‘ತಾ’ ಎಂದು ಶುರುಮಾಡಿ ‘ತಾವು’ ಎಂದು ಮುಗಿಸುತ್ತಿದ್ದರು.

ತೊಂಬತ್ತೊಂಬತ್ತರಲ್ಲಿ ರಾಯರಿಗೆ ಸೂರತ್ತಿಗೆ ವರ್ಗವಾಯಿತು. ಅಲ್ಲಿಯೂ, ಸಚಿನ್ ಎಂಬ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದ ಕನ್ನಡದವರು ಸೇರಿದಾಗಲೆಲ್ಲ ಅವರ ಭಾಷಣ ಇರುತ್ತಿತ್ತು. ಈಗ ಮೊದಲ ಸಾಲಿನಲ್ಲಿ ಸುಲೋಚನಾಬಾಯಿ ಕೂರುತ್ತಿದ್ದರು. ಅವರು ಕೈಚೀಲ ಎತ್ತಿಕೊಂಡರೆ ಯಾವ ಯುದ್ಧವಾದರೂ ಅಲ್ಲಿಗೆ ಮುಗಿಯಬೇಕು ಎಂದು ಒಪ್ಪಂದ. ಒಮ್ಮೆ ಕಚೇರಿ ಕೆಲಸಕ್ಕೆಂದು ಸೂರತ್ತಿಗೆ ಬಂದಿದ್ದ ಯಾಸೀನ್‌ಭಾಯಿಯೂ ಬಂದು ಕೂತರು; ಅವರಿಗಾಗಿ ಅಂದಿನ ಭಾಷಣ ಹಿಂದಿಯಲ್ಲಾಯಿತು. ಮುಗಿದ ಮೇಲೆ ರಾಯರು ಆಸೆಯಿಂದ ಹೇಗಿತ್ತೆಂದು ಕೇಳಿದರು.

“ಬಹಳ ಚೆನ್ನಾಗಿತ್ತು,” ಎಂದರು ಯಾಸೀನ್‌ಭಾಯಿ ಕಣ್ಣುಜ್ಜಿಕೊಳ್ಳುತ್ತಾ. “ಕೈರೋ ತನಕ ಎಚ್ಚರವಾಗಿಯೇ ಇದ್ದೆ.”