ಸೀಡರ್ ಮರಗಳಡಿಯ ತಗ್ಗುಗಳು

ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್ ಬಡಾವಣೆಯಲ್ಲಿ ಇರಣ್ಣನವರ ಮಗ ಅಮರ್‌ನ ಮಾತು ಬಂದರೆ ನೆರೆಹೊರೆಯವರು ಮೊದಲು ನಗುತ್ತಿದ್ದರು. "ಆ ಹುಡುಗನ್ನ ಬರ್ತ್‌ಡೇಗೆ ಕರೆದ್ರೆ, ಕೇಕ್ ತಿನ್ನೋಕ್ಮುಂಚೆ ಮೊಟ್ಟೆ ಇಟ್ಟ ಕೋಳಿ ಯಾವೂರದು ಅಂತ ಕೇಳ್ತಾನೆ ಕಣ್ರೀ," ಎನ್ನುತ್ತಿದ್ದರು ಪಕ್ಕದ ಮನೆಯ ವಿಜಯಾ ಆಂಟಿ. "ಉಣ್ಣೋಕೆ ಉಡೋಕೆ ಕಡಿಮೆ ಇಲ್ಲದವರ ಮಕ್ಕಳಿಗೆ ಇದೇ ರೋಗ."

ಕಡಿಮೆ ಇರಲಿಲ್ಲ, ನಿಜವೇ. ಬಾಗಲಕೋಟೆಯಿಂದ ಬಂದ ಇರಣ್ಣ ಒಂದು ಮೋಟೆಲಿನಿಂದ ಶುರುಮಾಡಿ ಹ್ಯೂಸ್ಟನ್ ಸುತ್ತ ಮದುವೆ ಹಾಲ್‌ಗಳ ಒಡೆಯರಾಗಿದ್ದರು. ಅಮರ್ ಆಸ್ಟಿನ್‌ನಲ್ಲಿ ಓದು ಮುಗಿಸಿ ಬರುವ ಹೊತ್ತಿಗೆ ಬ್ರಾಜೋಸ್ ನದಿಯ ಕಡೆ ಹಳೆಯ ಬಂಗಲೆಯೊಂದನ್ನೂ ಕೊಂಡಿದ್ದರು. ಬಿಳಿ ಕಂಬ, ಅಗಲ ಜಗಲಿ. ಗುಲಾಮರನ್ನು ದುಡಿಸುತ್ತಿದ್ದ ಕಾಲದ ಹತ್ತಿ ತೋಟದ ಮನೆ. ಆ ಕಂಬಗಳ ನಡುವೆ ಫೋಟೋ ತೆಗೆಸಿಕೊಳ್ಳಲು ವಧೂವರರು ಮುಗಿಬೀಳುತ್ತಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ ಅಮರ್ ಪಾಲಿಗೆ ಬಂತು.

ಅವನ ಕಣ್ಣು ಮಾತ್ರ ಹಿಂಬದಿ ಗೋಡೆಯ ಇಟ್ಟಿಗೆಗಳ ಮೇಲೆ. ಕೆಲವುಗಳಲ್ಲಿ, ಮಣ್ಣು ಹಸಿಯಿದ್ದಾಗ ಎತ್ತಿಟ್ಟವರ ಬೆರಳ ಗುರುತಿತ್ತು. ತನ್ನ ಬೆರಳಿಟ್ಟು ನೋಡಿದ, ಆ ಗುರುತಿನೊಳಗೆ ಹಿಡಿಯಲಿಲ್ಲ. ಮಗುವಿನ ಬೆರಳು.

"ಈ ಇಟ್ಟಿಗೆ ಮಾಡಿದವರೆಲ್ಲಾ ಎಲ್ಲಿಗೆ ಹೋದ್ರು ಅಪ್ಪಾ?"

"ನನ್ನ ಕೇಳ್ತಿಯಲ್ಲೋ! ಆಗ ನಾ ಇದ್ನೇನು?"

ಉತ್ತರ ಸಿಕ್ಕಿದ್ದು ಅಜ್ಜಿ, ಇರಣ್ಣನ ತಾಯಿ ಕಾಶವ್ವನಿಂದ. ಬಂಗಲೆ ನೋಡಲು ಬಂದವಳು ಹಿತ್ತಲಿನ ಸೀಡರ್ ಮರಗಳತ್ತ ನಡೆದಳು. ಅಲ್ಲೇ ಪಾರ್ಕಿಂಗ್ ಮಾಡಲು ಇರಣ್ಣ ಗುರುತು ಹಾಕಿಸಿದ್ದರು. ಮರದ ನೆರಳಿಗೆ ಬಂದದ್ದೇ ತಡ, ಚಪ್ಪಲಿ ಕಳಚಿ ನಿಂತುಬಿಟ್ಟಳು.

"ಅಜ್ಜಿ, ಮುಳ್ಳು ಅದಾವ."

"ಇಲ್ಲಿ ಮಂದಿ ಮಲಗ್ಯಾರೋ ತಮ್ಮಾ. ಆಳಿನುದ್ದ ಒಂದು ತಗ್ಗು, ಮಗ್ಗಲಿಗೇ ಇನ್ನೊಂದು, ನೋಡು. ಹೂಳೂ ಜನ ನಾವು, ನಮಗ ತಿಳೀದಿದ್ರ ಹ್ಯಾಂಗ?"

ಅವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ. ಮಣ್ಣು ಮಾಡಿ ಗದ್ದುಗೆ ಕಟ್ಟುತ್ತಾರೆ. ಇರಣ್ಣ ವರ್ಷಕ್ಕೊಮ್ಮೆ ವಿಮಾನ ಹತ್ತಿ ಹೋಗಿ ತಂದೆಯ ಗದ್ದುಗೆಗೆ ಬಿಲ್ವಪತ್ರೆ ಏರಿಸಿ ಬರುತ್ತಿದ್ದರು.

ಊಟಕ್ಕೆ ಕೂತಾಗ ಅಮರ್ ಕೇಳಿಯೇಬಿಟ್ಟ. "ಮುತ್ಯಾನ ಗದ್ದುಗಿ ಮ್ಯಾಲೆ ಕಾರ್ ನಿಲ್ಲಿಸ್ತೀರೇನಪ್ಪಾ?"

ಇರಣ್ಣನ ಕೈಯ ರೊಟ್ಟಿ ಅಲ್ಲೇ ನಿಂತಿತು. "ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ಅದನ್ನೇ ಕೇಳ್ತಿದೀನಿ. ಯಾಕ ಸಂಬಂಧ ಇಲ್ಲ? ದುಡಿಯೋರೆಲ್ಲಾ ಸಮ ಅಂತ ಹೇಳಿ ಬೆಳೆಸಿದವರು ನೀವೇ."

"ಅವರ್ಯಾರೋ ನಾವ್ಯಾರೋ! ನಾವೇನು ಹೊಡದವರಲ್ಲ, ಬಡದವರಲ್ಲ. ರೊಕ್ಕ ಕೊಟ್ಟು ತಗೊಂಡೀವಿ. ಸೋಮವಾರ ಡಾಂಬರು ಬೀಳ್ತದ."

ಬೀಳಲಿಲ್ಲ. ಅಮರ್ ಕೌಂಟಿಯ ಇತಿಹಾಸ ಸಮಿತಿಗೆ ಫೋನ್ ಮಾಡಿದ. ಅವರು ಬಂದು ನೋಡಿ, ಗುಲಾಮರ ಗೋರಿಗಳೇ ಎಂದು ಹೇಳಿ ಕೆಲಸ ನಿಲ್ಲಿಸಿದರು. ಮಗನೇ ಅಪ್ಪನ ಮೇಲೆ ಕಂಪ್ಲೇಂಟ್ ಕೊಟ್ಟನಂತೆ ಎಂಬ ಸುದ್ದಿ ಡಲ್ಲಾಸ್‌ವರೆಗೂ ಹೋಯಿತು.

"ನನ್ನ ಮನ್ಯಾಗ ಉಂಡು ನನ್ನ ಮರ್ಯಾದಿ ಕಳಿಯೂದು ಬ್ಯಾಡ," ಎಂದರು ಇರಣ್ಣ. "ಹೊಂಟು ಬಿಡು."

ಹೊರಡುವ ದಿನ ಕಾಶವ್ವ ಮೊಮ್ಮಗನ ಹಣೆಗೆ ವಿಭೂತಿ ಹಚ್ಚಿದಳು. ಇರಣ್ಣ ಬಾಗಿಲಲ್ಲಿ ರಸ್ತೆ ನೋಡುತ್ತ ನಿಂತಿದ್ದರು.

"ಆ ತಗ್ಗುಗಳ ಸುತ್ತ ಬೇಲಿ ಹಾಕಸ್ತೀನಿ. ನಿನ್ನ ಸಲುವಾಗಿ ಅಲ್ಲ. ಅವ್ವ ಊಟ ಬಿಟ್ಟಾಳ."

"ಒಂದು ಗೇಟೂ ಇಡಸ್ರಿ ಅಪ್ಪಾ. ಅವರ ಮಂದಿ ಬಂದ್ರ ಒಳಗ ಹೋಗಬೇಕಲ್ಲ."

"ಯಾವ ಮಂದಿ? ಎಲ್ಲಿ ಅದಾರ?"

"ಡಲ್ಲಾಸ್‌ನಾಗ ಅಲ್ಲಿ ಮಲಗಿದವರ ವಂಶದ ಒಂದು ಮನೆತನ ಐತಂತ. ಕೇಳ್ಕೊಂಡು ಹೋಗ್ತೀನಿ."

ಅಪ್ಪ ಕೊಡಿಸಿದ ಕಾರಿನ ಕೀಲಿಯನ್ನು ಅಮರ್ ಕಿಟಕಿಯ ಕಟ್ಟೆಯ ಮೇಲಿಟ್ಟ. ಬ್ಯಾಗ್ ಹೆಗಲಿಗೇರಿಸಿ ಹೊಸ್ತಿಲು ದಾಟಿದ.