ಜೋಳ ಹಾಕಿ ಕೇಳಿದ ಪ್ರಶ್ನೆ

ಶಹಾಬಾದಿನ ಸೂಗಮ್ಮ ಟೀಚರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಾಗುವಂತೆ ಆಕೆಯೇ ನೋಡಿಕೊಂಡಿದ್ದಳು. ಹೀಗಾಗಿ ೧೯೭೮ರಲ್ಲಿ ಡಾಕ್ಟರ್ ಲಲಿತಾಬಾಯಿ ಮಾತು ಬಾರದ ಮಕ್ಕಳಿಗೆ ಹಾಡಿನಿಂದ ಉಪಚಾರ ಮಾಡುವ ಸಣ್ಣ ಶಾಲೆ ತೆರೆದಾಗ, ಪರದೇಶದಿಂದ ಬಂದ ಪರೀಕ್ಷೆಯ ಫಾರಂ ಕನ್ನಡಕ್ಕೆ ತರುವ ಕೆಲಸ ಸೂಗಮ್ಮನ ಪಾಲಿಗೆ ಬಂತು. ಹಾಡು ಕೇಳಿದರೆ ಮಗು ತಿರುಗಿ ನೋಡುವುದೇ, ಹಾಡು ನಿಲ್ಲಿಸಿದರೆ ತಾನು ಮುಂದುವರಿಸುವುದೇ, ಹೀಗೆ ಇಪ್ಪತ್ತು ಪ್ರಶ್ನೆ. ಮೂರೇ ದಿನದಲ್ಲಿ ಮುಗಿಸಿ ಬೀಗಿದಳು. ಮಕ್ಕಳು ಮಾತ್ರ ಸಾಲುಗಟ್ಟಿ ನಪಾಸಾದರು.

ಅವರಲ್ಲಿ ಗುಂಡಗುರ್ತಿಯ ಪೀರಮ್ಮನೂ ಒಬ್ಬಳು. ಹತ್ತು ವರ್ಷದವಳು, ಸಣ್ಣಂದಿನ ಜ್ವರ ಅವಳ ಮಾತು ಕಸಿದಿತ್ತು. ಎಂಟು ಅಂಕ ಬಂದರಷ್ಟೇ ಶಾಲೆಯಲ್ಲಿ ಜಾಗ. ಪರೀಕ್ಷೆಯನ್ನೂ ತಾನೇ ನಡೆಸುತ್ತಿದ್ದ ಸೂಗಮ್ಮ ಎರಡು ಸಲ ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಕೂಡಿಸಿದರೂ ಪೀರಮ್ಮ ನೆಲ ನೋಡುತ್ತ ಕೂತಳು, ಸೊನ್ನೆ ಬಂತು. ಮೂರು ಅವಕಾಶಗಳಲ್ಲಿ ಉಳಿದದ್ದು ಇನ್ನೊಂದೇ. ಅವಳ ತಾಯಿ ಮರೆಮ್ಮ, ಮಗಳು ಮನೆಯಲ್ಲಿ ಹಾಡುತ್ತಾಳೆ ಎಂದಳು. ಎಲ್ಲ ತಾಯಂದಿರೂ ಹಾಗೇ ಅನ್ನುತ್ತಾರೆ ಎಂದುಕೊಂಡರೂ ಸೂಗಮ್ಮ ಯಾವಾಗ ಎಂದು ಕೇಳಿದಳು. ಬೀಸುವಾಗ, ತಾನು ಬೀಸುವ ಪದ ಅರ್ಧ ಹಾಡಿದರೆ ಉಳಿದರ್ಧಕ್ಕೆ ಅವಳು ದನಿ ಎತ್ತುತ್ತಾಳೆ ಎಂದಳು ಮರೆಮ್ಮ.

ಸೂಗಮ್ಮ ನೆರೆಮನೆಯಿಂದ ಬೀಸುಕಲ್ಲು ತರಿಸಿ, ಒಂದು ಕಾಳೂ ಉಳಿಯದಂತೆ ಒರೆಸಿ ಇಟ್ಟಳು. ಪೀರಮ್ಮ ಹತ್ತಿರ ಬಂದು, ಕಲ್ಲಿನ ಬಾಯಿ ನೋಡಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಇದೂ ಹೋಯಿತು ಎಂದು ಸೂಗಮ್ಮ ಪೆನ್ಸಿಲ್ ಎತ್ತಿದಳು.

"ಬರೀ ಕಲ್ಲು ತಿರುವಬಾರ್ದು ಅಂತ ನಾವೇ ಕಲಿಸೀವ್ರಿ ಅಕ್ಕೋರ. ಜ್ವಾಳ ಹಾಕ್ರಿ," ಎಂದಳು ಮರೆಮ್ಮ.

ಸೂಗಮ್ಮನ ಮುಖ ಸಣ್ಣದಾಯಿತು. ಆಕೆಯ ಅವ್ವನೂ ಬರಿಗಲ್ಲು ತಿರುವಿದರೆ ಮನೆಗೆ ಒಳ್ಳೆಯದಲ್ಲ ಎಂದು ಬೈದವಳೇ. ಹದಿನೈದು ವರ್ಷ ಗಿರಣಿ ಹಿಟ್ಟು ತಿಂದವಳಿಗೆ ಅದು ಮರೆತೇ ಹೋಗಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಯಿತು.

ಜೋಳ ಬಂತು. ಸೂಗಮ್ಮ ಎದುರು ಕೂತು ಗೂಟ ಹಿಡಿದು, ಅವ್ವ ಹಾಡುತ್ತಿದ್ದ ಪದದ ಅರ್ಧ ಹಾಡಿ ನಿಲ್ಲಿಸಿದಳು. ಕಲ್ಲು ತಿರುಗುತ್ತಲೇ ಇತ್ತು. ಗೂಟದ ಮೇಲೆ ಪೀರಮ್ಮನ ಕೈಯೂ ಬಂತು, ಆಮೇಲೆ ಮಾತಿಲ್ಲದ ದನಿಯಲ್ಲಿ ಉಳಿದರ್ಧವೂ ಬಂತು. ಸೂಗಮ್ಮ ಅತ್ತುಬಿಟ್ಟಳು. ಒಂಬತ್ತು ಅಂಕ.

ಆಮೇಲೆ ಸೂಗಮ್ಮನಿಗೆ ದಿಗಿಲಾಯಿತು. ಫಾರಮ್ಮಿನಲ್ಲಿ ಇಲ್ಲದ್ದು ಮಾಡಿದ್ದೇನೆ, ಇದು ಕಾಪಿ ಹೊಡೆದಂತೆ ಅಲ್ಲವೇ ಎಂದು ಡಾಕ್ಟರನ್ನು ಕೇಳಿದಳು.

"ಹಾಡು ನಿಂತ್ರ ಮುಂದುವರಸ್ತಾಳೇನು ಅಂತ ಕೇಳೀವಿ. ಪೆಟ್ಟಿಗಿ ಬೇಕಂತ ಎಲ್ಲೈತಿ?" ಎಂದರು ಲಲಿತಾಬಾಯಿ. ಆದರೂ ಒಬ್ಬರೇ ಹಾಕಿದ ಅಂಕ ನಂಬುವಂತಿಲ್ಲವೆಂದು ಮರುವಾರ ತಾವೇ ಕಲ್ಲಿನ ಮುಂದೆ ಕೂತರು. ಅವರ ಎಣಿಕೆಯಲ್ಲೂ ಪೀರಮ್ಮನಿಗೆ ಒಂಬತ್ತೇ ಬಂತು. ಚಿತ್ತಾಪುರ, ಸೇಡಂಗಳಲ್ಲಿ ನಲವತ್ತು ಮಕ್ಕಳನ್ನು ಹೀಗೇ ಪರೀಕ್ಷಿಸಿ ನೋಡಿದ ಮೇಲಷ್ಟೇ ಬೀಸುಕಲ್ಲು ಸೇರಿಸಿದ ಹೊಸ ಫಾರಂ ಅಚ್ಚಾಯಿತು.

ಅದರ ಕೆಳಗೆ 'ಕನ್ನಡಕ್ಕೆ ತಂದವರು' ಎಂಬಲ್ಲಿ ಸೂಗಮ್ಮ ತನ್ನ ಹೆಸರಿಗಿಂತ ಮೊದಲು ಇನ್ನೊಂದು ಹೆಸರು ಹಾಕಿಸಿದ್ದಳು. ಓದು ಬಾರದ ಮರೆಮ್ಮ, ಅಲ್ಲೇನು ಬರೆದಿದೆ ಎಂದು ಕೇಳಿದಳು.

"ನಿನ್ನ ಹೆಸರವ್ವ," ಎಂದಳು ಸೂಗಮ್ಮ.