ಜಪಾನಿನ ಪರವಾಗಿ ಆಡಿದ ಮೊಣಕಾಲು

"ಈ ಮೊಣಕಾಲಿಗೆ ಹಿಂದೆ ಯಾವಾಗಲಾದರೂ ಪೆಟ್ಟು ಬಿದ್ದಿತ್ತಾ ಅಮ್ಮ?" ಎಂದು ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕೇಳಿದರು.

"ಬಿದ್ದಿತ್ತು. ಜಪಾನಿನ ಪರವಾಗಿ ವಾಲಿಬಾಲ್ ಆಡುವಾಗ," ಎಂದೆ.

ಡಾಕ್ಟರು ಎಕ್ಸ್‌ರೇ ಕೆಳಗಿಳಿಸಿ ಮೊದಲು ನನ್ನ ಮುಖವನ್ನೂ ಆಮೇಲೆ ನನ್ನ ಸೊಸೆಯ ಮುಖವನ್ನೂ ನೋಡಿದರು. ಮೊಣಕಾಲಿನ ಜೊತೆಗೆ ತಲೆಯನ್ನೂ ಪರೀಕ್ಷೆ ಮಾಡಿಸಬೇಕೋ ಏನೋ ಎಂಬ ಸಂಶಯ ಅವರಿಗೆ ಬಂದಿರಬೇಕು. ಸೊಸೆ ಪಾಪ, ನೆಲದ ಟೈಲ್ಸಿನ ಚಿತ್ತಾರ ನೋಡತೊಡಗಿದಳು. ಆಮೇಲೆ ಡಾಕ್ಟರು ಗಂಟಲು ಸರಿಮಾಡಿಕೊಂಡು, ಸವೆದ ಕೀಲನ್ನು ತೆಗೆದು ಹೊಸದು ಹಾಕಬೇಕೆಂದೂ, ಕೊಯ್ಯುವ ಗೆರೆ ಈ ಹಳೆಯ ಗಾಯದ ಗುರುತಿನ ಮೇಲೆಯೇ ಹಾದುಹೋಗುತ್ತದೆಂದೂ ಹೇಳಿದರು. ಶುಕ್ರವಾರ ಆಗಬಹುದೇ ಎಂದರು. ನಾನು ಗುರುತಿನ ಮೇಲೆ ಬೆರಳಾಡಿಸುತ್ತಾ ಆಯಿತೆಂದು ತಲೆ ಆಡಿಸಿದೆ.

ನೀವಾದರೂ ಆ ಡಾಕ್ಟರ ಹಾಗೆ ನನ್ನನ್ನು ನೋಡಬೇಡಿ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸ್ವಲ್ಪ ಕುಳಿತುಕೊಳ್ಳಿ, ಹೇಳುತ್ತೇನೆ.

ಅರುವತ್ತರ ದಶಕದ ನಡುವಿನ ಮಾತು. ಮೂಡಬಿದಿರೆಯಲ್ಲಿ ನಾನು ಹೈಸ್ಕೂಲು ಓದುತ್ತಿದ್ದೆ. ನಮಗೆ ಡ್ರಿಲ್ ಕಲಿಸುತ್ತಿದ್ದವರು ಸಂಕಪ್ಪ ಮಾಸ್ಟ್ರು. ಅವರ ಸೀಟಿಯ ಸದ್ದಿಗೆ ರಸ್ತೆಯ ಬಸ್ಸುಗಳೂ ನಿಂತದ್ದುಂಟು. ಅವರ ಲೋಕದಲ್ಲಿ ಒಂದೇ ಒಂದು ನೆಟ್ಟು, ಆ ನೆಟ್ಟಿನ ಕೆಳಗೆ ಎರಡು ಜಾತಿ. ಗಂಡುಮಕ್ಕಳು ವಾಲಿಬಾಲ್ ಆಡಬೇಕು, ಅಂದರೆ ಚೆಂಡನ್ನು ಹೊಡೆಯಬೇಕು. ಹೆಣ್ಣುಮಕ್ಕಳು ಥ್ರೋಬಾಲ್ ಆಡಬೇಕು, ಅಂದರೆ ಚೆಂಡನ್ನು ಹಿಡಿದು, ಎದೆಗಪ್ಪಿಕೊಂಡು, ಲಂಗ ಸರಿಮಾಡಿಕೊಂಡು ಆಚೆಗೆ ಎಸೆಯಬೇಕು. ಅದೂ ಗಂಡುಮಕ್ಕಳು ಆಡಿ ದಣಿದು ನೆಟ್ಟು ಬಿಚ್ಚುವ ಮೊದಲು ಸಮಯ ಉಳಿದರೆ ಮಾತ್ರ.

"ಹೊಡೆಯುವುದು ಹೆಣ್ಣುಮಕ್ಕಳ ಕೆಲಸ ಅಲ್ಲ," ಎಂದು ಮಾಸ್ಟ್ರು ಒಮ್ಮೆ ಹೇಳಿದಾಗ ಹಿಂದಿನ ಸಾಲಿನಿಂದ ಲೀಲಾ ಕೇಳಿದಳು: "ಬಟ್ಟೆಯನ್ನು ಕಲ್ಲಿಗೆ ಹೊಡೆಯುವುದು ಯಾರು ಮಾಸ್ಟ್ರೆ? ಭತ್ತ ಬಡಿಯುವುದು ಯಾರು?" ಅವಳನ್ನು ಆ ಪೀರಿಯಡ್ ಪೂರ್ತಿ ಬೆಂಚಿನ ಮೇಲೆ ನಿಲ್ಲಿಸಿದರು. ಅಲ್ಲಿಂದ ಆಟದ ಬಯಲು ಇನ್ನೂ ಚೆನ್ನಾಗಿ ಕಾಣುತ್ತಿತ್ತು ಎಂದು ಆಮೇಲೆ ಹೇಳಿದಳು.

ಲೀಲಾ ನನ್ನ ನೆರೆಮನೆಯವಳು, ನನಗಿಂತ ಒಂದು ತರಗತಿ ಮುಂದೆ. ಉದ್ದ ಕೈ, ಉದ್ದ ಕಾಲು, ಇನ್ನೂ ಉದ್ದ ನಾಲಿಗೆ. ಗಂಡುಮಕ್ಕಳು ಆಡುವಾಗ ಬಯಲಿನ ಅಂಚಿನಲ್ಲಿ ಕಾದು ನಿಲ್ಲುತ್ತಿದ್ದಳು. ಚೆಂಡು ಹೊರಗೆ ಬಂದರೆ ಓಡಿಹೋಗಿ ಹೆಕ್ಕಿ, ಮೇಲಕ್ಕೆ ಹಾರಿಸಿ ಒಂದೇ ಒಂದು ಏಟು ಕೊಟ್ಟು ವಾಪಸು ಕಳಿಸುತ್ತಿದ್ದಳು. "ಎಸೆ ಮಾರಾಯ್ತಿ, ಹೊಡೀಬೇಡ!" ಎಂದು ಅವರು ಕೂಗುತ್ತಿದ್ದರು. ಇಡೀ ಸಂಜೆ ಕಾದರೆ ಅವಳಿಗೆ ಅಂಥ ನಾಲ್ಕೈದು ಏಟು ಸಿಗುತ್ತಿದ್ದವು. ಅವಳ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಮದುವೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮದುವೆಗೆ ಅವಳ ತಕರಾರೇನೂ ಇರಲಿಲ್ಲ. "ಆದರೆ ಅಲ್ಲಿ ನೆಟ್ಟು ಇರ್ಲಿಕ್ಕಿಲ್ಲ," ಎನ್ನುತ್ತಿದ್ದಳು. ಆಡುವುದಿದ್ದರೆ ಅದೊಂದೇ ವರ್ಷ.

ಆ ವರ್ಷ ಶಾಲೆ ಶುರುವಾಗುವ ಮೊದಲಿನ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಬಂಟ್ವಾಳದಲ್ಲಿದ್ದ ನನ್ನ ಚಿಕ್ಕಮ್ಮನ ಮನೆಗೆ ಹೋದೆವು. ಚಿಕ್ಕಮ್ಮನಿಗೆ ಬಂದವರಿಗೆಲ್ಲ ಗೋಡೆಯ ಮೇಲಿನ ಹೊಳೆನೆರೆಯ ಗುರುತು ತೋರಿಸುವ ಚಟ. ಮದುವೆಯ ಫೋಟೋ ತೋರಿಸುವ ಮೊದಲು, "ಇದು ಬಾಣಂತಿಯಾಗಿದ್ದಾಗ ಬಂದ ನೀರು, ಇದು ಅದಕ್ಕಿಂತ ದೊಡ್ಡದು," ಎಂದು ಬೆರಳಿಟ್ಟು ಹೇಳುತ್ತಿದ್ದಳು. ಅವಳ ಗೋಡೆಯಿಂದ ತಪ್ಪಿಸಿಕೊಳ್ಳಲಿಕ್ಕೆಂದೇ ನಾವು ಟೆಂಟು ಸಿನಿಮಾಕ್ಕೆ ಹೋದದ್ದು. ಸಿನಿಮಾ ಯಾವುದೆಂದು ಮರೆತೇಹೋಗಿದೆ. ಅದಕ್ಕೆ ಮೊದಲು ತೋರಿಸಿದ ನ್ಯೂಸ್‌ರೀಲ್ ಮಾತ್ರ ಇಂದಿಗೂ ಕಣ್ಣಿನಲ್ಲಿ ಓಡುತ್ತದೆ. ಟೋಕಿಯೋದಲ್ಲಿ ಜಪಾನಿನ ಹೆಂಗಸರು ರಷ್ಯಾದ ಹೆಂಗಸರನ್ನು ವಾಲಿಬಾಲಿನಲ್ಲಿ ಸೋಲಿಸಿದ್ದರು. ಆಟ ಮುಗಿದು ಎಷ್ಟೋ ತಿಂಗಳ ಮೇಲೆ ಅದು ನಮ್ಮ ನದೀತೀರಕ್ಕೆ ಬಂದು ತಲುಪಿತ್ತು.

ಚಡ್ಡಿ ಹಾಕಿದ ಹೆಂಗಸರು! ಹೊಡೆಯುವ ಹೆಂಗಸರು! ಅದಕ್ಕಿಂತ ಹೆಚ್ಚಾಗಿ, ಬೀಳುವ ಹೆಂಗಸರು. ಚೆಂಡು ನೆಲ ಮುಟ್ಟುವ ಮೊದಲು ಅದರಡಿಗೆ ಬಿದ್ದು, ಎತ್ತಿ, ಒಂದು ಉರುಳು ಉರುಳಿ ಮತ್ತೆ ಎದ್ದು ನಿಲ್ಲುತ್ತಿದ್ದರು. ಹೆಣ್ಣುಮಕ್ಕಳು ಬಿದ್ದರೆ ನಾಚಬೇಕೆಂದು ನಮಗೆ ಗೊತ್ತಿತ್ತು. ಬಿದ್ದದ್ದಕ್ಕೆ ಜನ ಚಪ್ಪಾಳೆ ತಟ್ಟುತ್ತಾರೆಂದು ಗೊತ್ತಿರಲಿಲ್ಲ. ಲೀಲಾ ನನ್ನ ಕೈಯನ್ನು ಎಷ್ಟು ಬಲವಾಗಿ ಹಿಡಿದಿದ್ದಳೆಂದರೆ ಸಿನಿಮಾ ಮುಗಿಯುವವರೆಗೂ ಬೆರಳು ಜುಮುಜುಮು ಅನ್ನುತ್ತಿತ್ತು.

ಮಳೆಗಾಲವಿಡೀ ನಾವು ಆರು ಮಂದಿ ನಮ್ಮ ದನದ ಹಟ್ಟಿಯ ಪಕ್ಕದ ಬೈಹುಲ್ಲಿನ ಮೇಲೆ ಉರುಳಿದೆವು. ತಲೆಯಲ್ಲಿ ಹುಲ್ಲು ಹೇಗೆ ಬಂತೆಂದು ಅಮ್ಮ ಕೇಳಿದರೆ ತಪ್ಪನ್ನು ಕರುವಿನ ಮೇಲೆ ಹಾಕುತ್ತಿದ್ದೆವು. ಆದರೆ ನೆಟ್ಟು ಬೇಕಲ್ಲ? ಲೀಲಾ ಮಾಸ್ಟ್ರನ್ನು ಮತ್ತೆ ಕೇಳಿದಳು, ಮತ್ತೆ ಬೆಂಚು ಹತ್ತಿದಳು.

ಅಷ್ಟರಲ್ಲಿ ಮಾರ್ನೆಮಿ ಬಂತು. ನವರಾತ್ರಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಆ ದಿನಗಳಲ್ಲಿ ಹರಕೆ ಹೇಳಿಕೊಂಡವರು ಹುಲಿಯೋ ಕರಡಿಯೋ ಪೊಲೀಸೋ ಆಗಿ ಮನೆಮನೆಗೆ ಬರುತ್ತಾರೆ. ವೇಷ ಕಟ್ಟಿದವನನ್ನು ಯಾಕೆ ಹೀಗೆ ಎಂದು ಯಾರೂ ಕೇಳುವುದಿಲ್ಲ, ಬಾಗಿಲಿಗೆ ಬಂದ ವೇಷವನ್ನು ಬರಿಗೈಯಲ್ಲಿ ಕಳಿಸುವುದೂ ಇಲ್ಲ. ಲೀಲಾ ಇದನ್ನು ಎಷ್ಟು ದಿನ ಯೋಚಿಸಿದ್ದಳೋ ಗೊತ್ತಿಲ್ಲ. ಒಂದು ಬೆಳಿಗ್ಗೆ ನನ್ನ ಅಜ್ಜಿಯ ಎದುರು ಬಂದು ಕುಳಿತು, "ಅಜ್ಜಿ, ಇವಳಿಗೆ ಆಟಿ ತಿಂಗಳ ಮಳೆಯಲ್ಲಿ ಜ್ವರ ಬಂದಿತ್ತಲ್ಲ, ನೀವು ಹರಕೆ ಏನೂ ಹೇಳ್ಲಿಲ್ವಾ?" ಎಂದಳು.

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಅವಳನ್ನು ಒಮ್ಮೆ ನೋಡಿದರು. ನಮ್ಮ ಮನೆಯ ಯಜಮಾನಿಕೆ ಅವರದ್ದೇ.

"ಹೇಳಿದ್ದೆ. ಮಾರ್ನೆಮಿಗೆ ವೇಷ ಕಟ್ಟಿಸ್ತೇನೆ ಅಂತ."

"ಯಾವಾಗ ಹೇಳಿದ್ದು?" ಎಂದು ಅಪ್ಪ ಬೆರಗಾಗಿ ಕೇಳಿದರು.

"ಈಗ, ನೀನು ಕೇಳುವುದಕ್ಕಿಂತ ಸ್ವಲ್ಪ ಮೊದಲು."

"ಆದರೆ ಹೆಣ್ಣುಮಕ್ಕಳು..."

"ಕಟ್ಟುವವರು ಗಂಡಸರೇ ಆಗ್ಬೇಕು ಅಂತ ನಾನು ದೇವಿಗೆ ಹೇಳ್ಲಿಲ್ಲ," ಎಂದು ಅಜ್ಜಿ ಎಲೆ ಮಡಚಿ ಬಾಯಿಗೆ ಹಾಕಿಕೊಂಡರು. ಅಲ್ಲಿಗೆ ಮಾತು ಮುಗಿಯಿತು. ಯಾವ ವೇಷವೆಂದು ಕೇಳಿದ್ದು ಮಾತ್ರ ಆಮೇಲೆ. ಜಪಾನ್ ಎಂದಾಗ, "ನಮ್ಮ ಭಾರತವೇ ಆಗಬಾರದಾ?" ಎಂದರು. "ಭಾರತ ಆದರೆ ಅದು ವೇಷ ಆಗುವುದಿಲ್ಲ ಅಜ್ಜಿ, ಅದು ನಾವೇ ಅಲ್ವಾ?" ಎಂದಳು ಲೀಲಾ.

ಹೀಗೆ ನಮ್ಮ ತಂಡ ಹೊರಟಿತು. ಅಣ್ಣಂದಿರ ಖಾಕಿ ಚಡ್ಡಿ, ಬಿಳಿ ಬನಿಯನು, ಬೆನ್ನಿಗೆ ಮಸಿಯಲ್ಲಿ ಬರೆದ ನಂಬರು, ಮುಖಕ್ಕೆ ಅಕ್ಕಿಹಿಟ್ಟು. ಮನೆಯಿಂದ ಲಂಗ ಉಟ್ಟೇ ಬಂದು ಗೆಳತಿ ಸೆರಾಫಿನ್ ಮನೆಯಲ್ಲಿ ಬದಲಾಯಿಸಿದೆವು. ಎಲ್ಲರೂ ಇದ್ದುದರಲ್ಲಿ ಉದ್ದದ ಲಂಗವನ್ನೇ ಉಟ್ಟು ಬರಬೇಕೆಂದು ಲೀಲಾ ತಾಕೀತು ಮಾಡಿದ್ದಳು. ಯಾಕೆಂದು ನಮಗೆ ಹೊಳೆದಿರಲಿಲ್ಲ. ಆ ಲಂಗಗಳ ಗಂಟನ್ನು ಹೆಗಲಿಗೇರಿಸಿ ಸೆರಾಫಿನ್ ಖಾಲಿ ಡಬ್ಬ ಬಡಿಯುತ್ತಾ ಮುಂದೆ ನಡೆದಳು. ನನಗಂತೂ ಕಾಲಿಗೆ ಗಾಳಿ ತಗಲಿ ಎಷ್ಟು ನಾಚಿಕೆಯಾಯಿತೋ ಅಷ್ಟೇ ಸುಖವೂ ಆಯಿತು. ನೇರ ಹೋದದ್ದು ಶಾಲೆಯ ಬಯಲಿನ ಪಕ್ಕದಲ್ಲಿದ್ದ ಸಂಕಪ್ಪ ಮಾಸ್ಟ್ರ ಮನೆಗೆ. ದಾರಿಯಲ್ಲಿ ಒಂದು ಹುಲಿ ವೇಷವೂ ಕುತೂಹಲದಿಂದ ನಮ್ಮ ಬೆನ್ನಿಗೆ ಬಿತ್ತು.

ಮಾಸ್ಟ್ರು ಹೊರಬಂದು ನಮ್ಮನ್ನು ನೋಡಿ ಸೀಟಿಗಾಗಿ ಕುತ್ತಿಗೆ ತಡಕಿದರು. ಮನೆಯಲ್ಲಿ ಸೀಟಿ ಇರಲಿಲ್ಲ. ಅವರ ಮುದಿ ತಾಯಿ ಮಾತ್ರ ಹಿಂದೆಯೇ ಬಂದು ನಿಂತರು.

"ಯಾವ ವೇಷ ಮಕ್ಕಳೇ?"

"ಜಪಾನ್ ಅಮ್ಮ. ನಮಗೆ ದುಡ್ಡು ಬೇಡ," ಎಂದು ಲೀಲಾ ಕೈಮುಗಿದಳು. "ಗಂಡುಮಕ್ಕಳ ಜೊತೆ ಒಂದು ಆಟ ಬೇಕು. ಹೊಡೆಯುವ ಆಟ. ಗೆದ್ದರೆ ಪ್ರತಿ ಶುಕ್ರವಾರ ನೆಟ್ಟು ನಮಗೆ. ಸೋತರೆ ಬಾಯಿ ಮುಚ್ಚಿ ಥ್ರೋಬಾಲ್ ಆಡ್ತೇವೆ."

ಮಾಸ್ಟ್ರು ಬೇಡವೆನ್ನಲು ಬಾಯಿ ತೆರೆದರು. "ಬಾಗಿಲಿಗೆ ಬಂದ ವೇಷ ಮಗಾ. ಬರಿಗೈಯಲ್ಲಿ ಕಳಿಸುವುದಾ?" ಎಂದರು ತಾಯಿ. ಹುಲಿ ಹೌದೆಂದು ಬಾಲ ಅಲ್ಲಾಡಿಸಿತು.

ಗಂಡುಮಕ್ಕಳು ಬಯಲಿನಲ್ಲೇ ಆಡುತ್ತಿದ್ದರು. ಹುಡುಗಿಯರ ಜೊತೆ ಆಡಿ ಗೆದ್ದರೂ ಮಾನ ಹೋಗುತ್ತದೆಂದು ಗೊಣಗಿದರು. "ನಾವು ಹುಡುಗಿಯರಲ್ಲ, ಜಪಾನ್. ನೀವು ರಷ್ಯಾ," ಎಂದಳು ಲೀಲಾ. ಅದೇನೋ ಅವರಿಗೆ ಹಿಡಿಸಿತು. ಆಗ ಅವಳು ಗಂಟು ಬಿಚ್ಚಿದಳು. "ಆದರೆ ರಷ್ಯಾದ ತಂಡದಲ್ಲಿ ಎಲ್ಲರೂ ಹೆಂಗಸರು. ಚಳಿ ದೇಶ ನೋಡಿ, ಕಾಲಿನವರೆಗೆ ಬಟ್ಟೆ."

ನಾನು ಕೆಮ್ಮಿದೆ. ನ್ಯೂಸ್‌ರೀಲ್ ನೋಡಿದವರು ನಾವಿಬ್ಬರೇ.

"ಅರ್ಧ ವೇಷ ಆಗ್ಲಿಕ್ಕಿಲ್ಲ," ಎಂದು ಜಗಲಿಯಿಂದ ಮಾಸ್ಟ್ರ ತಾಯಿಯೂ ಹೇಳಿದರು.

ಬೇರೆ ಊರಿನ ಹುಡುಗರಾಗಿದ್ದರೆ ಓಡಿಹೋಗುತ್ತಿದ್ದರೋ ಏನೋ. ನಮ್ಮ ಊರಿನಲ್ಲಿ ಗಂಡಸು ಹೆಣ್ಣುವೇಷ ಕಟ್ಟುವುದು ಹೆಮ್ಮೆಯ ವಿಷಯ. ಅವರ ಕ್ಯಾಪ್ಟನ್ ದಿವಾಕರ ವಾರ್ಷಿಕೋತ್ಸವದಲ್ಲಿ ರಾಣಿಯಾಗಿ ಮೆರೆದವನು, ಮೊದಲು ಕೇಳಿದ್ದೇ, "ಕನ್ನಡಿ ಉಂಟಾ?" ಎಂದು.

ಆಟ ಶುರುವಾಯಿತು. ಮಾಸ್ಟ್ರು ಅಂಪೈರು, ಗೆರೆ ನೋಡಲಿಕ್ಕೆ ಹುಲಿ. ಉದ್ದ ಲಂಗ ಉಟ್ಟ ರಷ್ಯಾ ಮೇಲಕ್ಕೆ ಹಾರಿದರೆ ಬಟ್ಟೆ ಕಾಲಿಗೆ ಸುತ್ತಿ ಕೆಳಗೆ ಬರುತ್ತಿತ್ತು. ಬಗ್ಗಿದರೆ ಅಂಚು ತುಳಿದು ಮುಗ್ಗರಿಸುತ್ತಿತ್ತು. ಒಂದು ಕೈಯಲ್ಲಿ ಲಂಗ ಹಿಡಿದು ಇನ್ನೊಂದರಲ್ಲಿ ಎಷ್ಟೆಂದು ಹೊಡೆಯಲಿಕ್ಕೆ ಆಗುತ್ತದೆ? ನಾವು ಬೀಳುತ್ತಾ ಉರುಳುತ್ತಾ ಒಂದೊಂದೇ ಪಾಯಿಂಟು ಹೆಕ್ಕಿಕೊಂಡೆವು. ಜನ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಕಡೆಗೆ ದಿವಾಕರ ಅಳುವ ದನಿಯಲ್ಲಿ ಕೂಗಿದ: "ಈ ಲಂಗ ಉಟ್ಟು ಹೇಗೆ ಆಡುವುದು ಸಾರ್?"

"ಅದನ್ನೇ ನಾವು ಮೂರು ವರ್ಷದಿಂದ ಕೇಳ್ತಾ ಇರುವುದು," ಎಂದಳು ಲೀಲಾ.

ಅವಳು ನಗುತ್ತಿರಲಿಲ್ಲ. ನಗುತ್ತಿದ್ದವರೂ ಸುಮ್ಮನಾದರು. ಸಂಕಪ್ಪ ಮಾಸ್ಟ್ರು ದಿವಾಕರನ ಲಂಗವನ್ನು ನೋಡಿದರು, ನಮ್ಮ ಕೆಂಪುಮಣ್ಣು ಮೆತ್ತಿದ ಕಾಲುಗಳನ್ನು ನೋಡಿದರು. ಆಮೇಲೆ, "ಬಿಚ್ಚಿ ಅದನ್ನು. ಸರಿಯಾದ ಆಟ ಆಗ್ಲಿ," ಎಂದರು.

ಸರಿಯಾದ ಆಟವೆಂದರೆ ನಮಗೆ ಸರಿಯಾದ ಪೆಟ್ಟು. ಚಡ್ಡಿಗೆ ಮರಳಿದ ರಷ್ಯಾ ನಮ್ಮನ್ನು ಬೆನ್ನಟ್ಟಿ ಬಂದು ಸಮಕ್ಕೆ ನಿಂತಿತು. ಕಡೆಗೆ ನಮಗೆ ಒಂದೇ ಪಾಯಿಂಟು ಬೇಕಿದ್ದಾಗ ದಿವಾಕರ ಹೊಡೆದ ಚೆಂಡು ನನ್ನಿಂದ ಎರಡು ಮಾರು ದೂರಕ್ಕೆ ಇಳಿಯಿತು. ನಾನು ಓಡಿ ಅದರಡಿಗೆ ಬಿದ್ದೆ. ಬೈಹುಲ್ಲಲ್ಲವಲ್ಲ, ಅಲ್ಲೊಂದು ಮುರಕಲ್ಲಿನ ಮೂಲೆ ಮೊಣಕಾಲನ್ನು ಸೀಳಿತು. ಆದರೆ ಚೆಂಡು ಮೇಲೆ ಹೋಗಿತ್ತು. ಬಿದ್ದಲ್ಲಿಂದಲೇ ತಲೆ ಎತ್ತಿ ನೋಡಿದೆ. ಲೀಲಾ ಹಾರಿದಳು. ಬಯಲಿನ ಅಂಚಿನಲ್ಲಿ ಕಾದು ಕಾದು ಉಳಿಸಿಟ್ಟ ಏಟುಗಳನ್ನೆಲ್ಲ ಸೇರಿಸಿ ಹೊಡೆದಳು. ಚೆಂಡು ಗೆರೆಯ ಹತ್ತಿರ ಧೂಳೆಬ್ಬಿಸಿತು. ಎಲ್ಲರೂ ಹುಲಿಯನ್ನು ನೋಡಿದರು.

"ಒಳಗೆ," ಎಂದಿತು ಹುಲಿ.

ಎಷ್ಟೋ ವರ್ಷದ ಮೇಲೆ ಆ ಹುಲಿಯನ್ನು ಸಂತೆಯಲ್ಲಿ ಬಣ್ಣವಿಲ್ಲದೆ ಕಂಡಾಗ ನಿಜ ಹೇಳೆಂದು ಕೇಳಿದೆ. "ಕಣ್ಣಿಗೆ ಬಣ್ಣ ಇಳಿದಿತ್ತು ಮಾರಾಯ್ತಿ, ನನಗೆ ಏನೂ ಕಾಣ್ಲಿಲ್ಲ," ಎಂದ. ಮತ್ತೆ ಒಳಗೆ ಎಂದದ್ದು ಯಾಕೆ? "ನನ್ನ ಹೆಂಡತಿ ಅಲ್ಲೇ ನಿಂತಿದ್ದಳಲ್ಲ!"

ಮಾಸ್ಟ್ರು ಮಾತಿಗೆ ತಪ್ಪಲಿಲ್ಲ. ಚಡ್ಡಿಯ ವಿಷಯ ಹೇಗೆಂದು ಕೇಳಿದಾಗ ಸ್ವಲ್ಪ ಹೊತ್ತು ಆಕಾಶ ನೋಡಿ, "ಶುಕ್ರವಾರ ವೇಷದಲ್ಲೇ ಬನ್ನಿ," ಎಂದರು. ಎಲ್ಲರ ಮಾರ್ನೆಮಿ ಹತ್ತು ದಿನದಲ್ಲಿ ಮುಗಿದರೆ ನಮ್ಮದು ಪರೀಕ್ಷೆಯವರೆಗೂ ನಡೆಯಿತು. ಆ ಶುಕ್ರವಾರಗಳಲ್ಲಿ ಲೀಲಾ ಹೊಡೆಯುವುದನ್ನು ನೋಡಿದವಳು ನಾನು. ಅಷ್ಟು ಸಂತೋಷದ ಮುಖವನ್ನು ಆಮೇಲೆ ನಾನು ಹೆಚ್ಚು ಕಂಡಿಲ್ಲ, ಕನ್ನಡಿಯಲ್ಲಿಯೂ ಕಂಡಿಲ್ಲ. ಪರೀಕ್ಷೆ ಮುಗಿದು ಮೇ ತಿಂಗಳಲ್ಲಿ ಅವಳು ಮದುವೆಯಾಗಿ ಬೆಳ್ತಂಗಡಿಗೆ ಹೋದಳು. ಅವಳು ಹೇಳಿದ ಹಾಗೆಯೇ ಅಲ್ಲಿ ನೆಟ್ಟು ಇರಲಿಲ್ಲ. ಅವಳು ಮತ್ತೆ ಚೆಂಡು ಮುಟ್ಟಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಯಾರ ಮೇಲೆಂದು ತಿಳಿಯದ ಸಿಟ್ಟು.

ಆಸ್ಪತ್ರೆಯಿಂದ ಮನೆಗೆ ಬಂದವಳೇ ಬೆಳ್ತಂಗಡಿಗೆ ಫೋನು ಮಾಡಿದೆ. ಮೊಣಕಾಲು ಬದಲಾಯಿಸುತ್ತಾರಂತೆ, ಆ ಗುರುತೂ ಹೋಗುತ್ತದಂತೆ ಎಂದು ಲೀಲಾಗೆ ಹೇಳಿದೆ.

"ಯಾವ ದಿನವಂತೆ?"

"ಶುಕ್ರವಾರ."

"ಶುಕ್ರವಾರವಾ?" ಎಪ್ಪತ್ತು ದಾಟಿದ ಆ ದನಿ ಒಮ್ಮೆಲೇ ಬೆಂಚಿನ ಮೇಲೆ ಎದ್ದು ನಿಂತಿತು. "ಅದು ಹೇಗೆ ಆಗ್ತದೆ ಮಾರಾಯ್ತಿ?"

ನಾನು ಸೊಸೆಯನ್ನು ಕರೆದು, ಡಾಕ್ಟರಿಗೆ ಫೋನು ಮಾಡಿ ಶನಿವಾರಕ್ಕೆ ಹಾಕಿಸಲು ಹೇಳಿದೆ. ಕಾರಣ ಏನೆನ್ನಲಿ ಎಂದು ಅವಳು ಕೇಳಿದಳು.

"ಶುಕ್ರವಾರ ನೆಟ್ಟು ನಮ್ಮದು ಅಂತ ಹೇಳು," ಎಂದೆ.